ಡಾಕ್ಟರ್ ಹಾಕಿದ ತೇಪೆ: ನಿಮ್ಮ ಫೋನಿನ ಕರ್ನಲ್ ಹೆಸರಲ್ಲಿರೋ ಆ ಗೀಟಿನ ಕಥೆ

ಇದನ್ನ ಫೋನ್‌ನಲ್ಲೇ ಕೇಳ್ತಾ ಇದ್ದೀರಿ ಅಂದ್ಕೊಳ್ತೀನಿ. ಆಂಡ್ರಾಯ್ಡ್ ಫೋನ್ ಆಗಿದ್ರೆ ಒಂದು ಕೆಲಸ ಮಾಡಿ. ಸೆಟ್ಟಿಂಗ್ಸ್‌ಗೆ ಹೋಗಿ. ತೀರಾ ಕೆಳಗೆ 'ಅಬೌಟ್ ಫೋನ್' ಅಂತ ಇರುತ್ತೆ. ಅದರೊಳಗೆ ಹುಡುಕಿದ್ರೆ 'ಕರ್ನಲ್ ವರ್ಷನ್' ಅನ್ನೋ ಒಂದು ಸಾಲು ಸಿಗುತ್ತೆ. ನನ್ನ ಫೋನಲ್ಲಿ ಅದು 5.10 ಅಂತ ಶುರುವಾಗಿ, ಇನ್ನೊಂದು ನಂಬರ್ ಆಗಿ, ಒಂದು ಅಡ್ಡಗೀಟು. ಆಮೇಲೆ ಆಂಡ್ರಾಯ್ಡ್12. ಮತ್ತೊಂದು ಗೀಟು, 9. ಅದಾದ ಮೇಲೆ ಬಾಯಲ್ಲಿ ಹೇಳೋಕಾಗದ ಒಂದಷ್ಟು ಅಕ್ಷರ.

ಆ ಮೊದಲನೇ ಗೀಟಿಗಿಂತ ಮುಂಚೆ ಇರೋದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿ, ಆಮೇಲೆ ಸಾವಿರಾರು ಜನ ಕೈಜೋಡಿಸಿದ ಕರ್ನಲ್. ಗೀಟಿನ ಆಚೆ ಇರೋದು, ಆ ಲಿನಕ್ಸ್‌ಗೆ ಬೇರೆಯವರು ಹಾಕಿದ ತೇಪೆಯ ಗುರುತು. ಇವತ್ತಿನ ಮಾತೆಲ್ಲ ಆ ಗೀಟಿನ ಬಗ್ಗೆ.

ಕರ್ನಲ್ ಅಂದ್ರೇನು ಅಂತ ಗೊತ್ತಿಲ್ಲದವರಿಗೆ ಎರಡೇ ಮಾತು. ನಿಮ್ಮ ಆ್ಯಪ್‌ಗಳು ಯಾವುವೂ ಸ್ಕ್ರೀನನ್ನಾಗಲಿ, ಬ್ಯಾಟರಿಯನ್ನಾಗಲಿ, ಮೆಮೊರಿಯನ್ನಾಗಲಿ ನೇರವಾಗಿ ಮುಟ್ಟೋ ಹಾಗಿಲ್ಲ. ನಡುವೆ ಒಂದು ಪ್ರೋಗ್ರಾಂ ಕೂತಿದೆ, ಎಲ್ಲರೂ ಅದನ್ನೇ ಕೇಳಬೇಕು. ಅದು ಕರ್ನಲ್. ಅದಕ್ಕೆ ಬೇಕಾದಾಗ ತಗುಲಿಸಿ ಬೇಡವಾದಾಗ ಬಿಚ್ಚಬಹುದಾದ ತುಂಡುಗಳೂ ಇವೆ: ವೈಫೈಗೊಂದು, ಸೌಂಡಿಗೊಂದು, ಹೀಗೆ. ಅವುಗಳಿಗೆ ಮಾಡ್ಯೂಲ್ ಅಂತಾರೆ.

ನನಗೆ ಈ ಮಾಡ್ಯೂಲ್ ಅನ್ನೋ ಪದದ ಅರ್ಥ ಗೊತ್ತಾಗಿದ್ದು 2005ರಲ್ಲಿ, ದಾವಣಗೆರೆಯ ಒಂದು ಹಾಸ್ಟೆಲ್ ರೂಮಿನಲ್ಲಿ, ರಾತ್ರಿ ಎರಡು ಗಂಟೆಗೆ. ಕಂಪ್ಯೂಟರ್ ನನ್ನದಲ್ಲ, ರೂಮ್‌ಮೇಟ್‌ದು. 256 ಎಂಬಿ ರ್‍ಯಾಮ್. ಅದರಲ್ಲಿ ಹಾಡು ಹಾಕ್ಕೊಂಡು ಇನ್ನೇನಾದ್ರೂ ದೊಡ್ಡ ಕೆಲಸ ಕೊಟ್ರೆ ಹಾಡು ತೊದಲೋದು, ಮೌಸ್ ಅಂಟಿಕೊಳ್ಳೋದು. ಸೈಬರ್ ಕೆಫೆಯಲ್ಲಿ ಕೂತು ಹುಡುಕಿದಾಗ, ಆಸ್ಟ್ರೇಲಿಯಾದ ಯಾರೋ ಒಬ್ಬರು ಇದಕ್ಕೆ ಪ್ಯಾಚ್ ಬರೆದಿದ್ದಾರೆ ಅಂತ ತಿಳೀತು. 2.6.11 ಕರ್ನಲ್‌ನ ಸೋರ್ಸ್ ಸುಮಾರು 40 ಎಂಬಿ. ಅದು ಇಳಿಯೋ ಹೊತ್ತಿಗೆ ಕೆಫೆಯವರಿಗೆ ಎರಡು ಗಂಟೆ ದುಡ್ಡು ಕೊಟ್ಟಿದ್ದೆ. ಪ್ಯಾಚ್ ಮಾತ್ರ ಕಣ್ಣು ಮಿಟುಕಿಸೋದ್ರೊಳಗೆ ಬಂತು. ಅಷ್ಟು ಚಿಕ್ಕದು.

ಪ್ಯಾಚ್ ಹಾಕೋದು ಸುಲಭ. ಒಂದೇ ಕಮಾಂಡ್. ಅದಾದ ಮೇಲೆ 'ಮೇಕ್ ಮೆನುಕಾನ್ಫಿಗ್' ಅಂತ ಕೊಟ್ರೆ ನೀಲಿ ಪರದೆಯ ಮೇಲೆ ಸಾವಿರಾರು ಪ್ರಶ್ನೆಗಳ ಪಟ್ಟಿ ಬರುತ್ತೆ. ಒಂದೊಂದರ ಮುಂದೆಯೂ ವೈ, ಎಂ ಅಥವಾ ಎನ್ ಒತ್ತಬೇಕು. ವೈ ಅಂದ್ರೆ ಇದನ್ನ ಕರ್ನಲ್ ಒಳಗೇ ಸೇರಿಸು. ಎಂ ಅಂದ್ರೆ ಮಾಡ್ಯೂಲ್ ಮಾಡಿ ಡಿಸ್ಕ್‌ನಲ್ಲಿಡು, ಬೇಕಾದಾಗ ಎತ್ಕೊಳ್ತೀನಿ. ಎನ್ ಅಂದ್ರೆ ಬೇಡವೇ ಬೇಡ. ನಾನು ಜಾಣತನ ತೋರಿಸಿದೆ. ಕರ್ನಲ್ ಚಿಕ್ಕದಿದ್ರೆ ವೇಗ ಅಂತ ಎಲ್ಲೋ ಓದಿದ್ದೆ, ಸಿಕ್ಕಿದ್ದಕ್ಕೆಲ್ಲ ಎಂ ಒತ್ತಿದೆ. ಡಿಸ್ಕನ್ನ ಓದೋ ಎಕ್ಸ್ಟ್3 ಅನ್ನೋ ಫೈಲ್‌ಸಿಸ್ಟಮ್‌ಗೂ ಎಂ ಒತ್ತಿದೆ.

ಏನಾಯ್ತು ಅಂತ ಕೆಲವರಿಗೆ ಆಗಲೇ ನಗು ಬಂದಿರುತ್ತೆ. ಡಿಸ್ಕ್ ಓದೋಕೆ ಬೇಕಾದ ಮಾಡ್ಯೂಲ್ ಡಿಸ್ಕ್ ಒಳಗೇ ಇದೆ. ಬೀಗದ ಕೈ ಮನೆಯೊಳಗಿಟ್ಟು ಬಾಗಿಲು ಎಳ್ಕೊಂಡ ಹಾಗೆ. ಇದಕ್ಕೊಂದು ಉಪಾಯ ಇದೆ: ಬೂಟ್ ಆಗೋವಾಗ ಬೇಕಾಗೋ ಮಾಡ್ಯೂಲ್‌ಗಳನ್ನ ಒಂದು ಚಿಕ್ಕ ಗಂಟಲ್ಲಿ ಕಟ್ಟಿ ಕರ್ನಲ್ ಜೊತೆ ಕಳಿಸೋದು. ಅದು ನನಗೆ ಗೊತ್ತಿರಲಿಲ್ಲ. ಸಾಲದ್ದಕ್ಕೆ, ಜಾಗ ಸಾಲಲ್ಲ ಅಂತ ಹಳೇ ಕರ್ನಲನ್ನೂ ಅಳಿಸಿದ್ದೆ. ಪರದೆ ಮೇಲೆ 'ಕರ್ನಲ್ ಪ್ಯಾನಿಕ್' ಅಂತ ಬಂದು ನಿಂತಿತು. ರೂಮ್‌ಮೇಟ್ ಎದ್ದು ಕೂತ. "ಲೇ, ನನ್ ಪ್ರಾಜೆಕ್ಟ್ ರಿಪೋರ್ಟ್ ಅದ್ರಾಗೇ ಐತಲ್ಲೋ!" ಅಂದ. ಸಬ್‌ಮಿಷನ್ ಎರಡು ದಿನದಲ್ಲಿತ್ತು.

ಬೆಳಿಗ್ಗೆ ಒಬ್ಬ ಸೀನಿಯರ್ ಸಿಡಿಯಿಂದ ಬೂಟ್ ಆಗೋ ಲಿನಕ್ಸ್ ತಂದು ರಿಪೋರ್ಟ್ ಉಳಿಸಿಕೊಟ್ಟರು. ಬೈಲಿಲ್ಲ. "ಕರ್ನಲ್ ಕಟ್ಟೋದು ತಪ್ಪಲ್ಲ. ಪ್ಯಾಕೇಜ್ ಮಾಡದೆ ಹಾಕಿದ್ದು ತಪ್ಪು" ಅಂದ್ರು. ಆ ಮಾತಿಗೆ ಆಮೇಲೆ ಬರ್ತೀನಿ. ಮೊದಲು ಪ್ಯಾಚ್ ಅನ್ನೋದರ ಹಿಂದೆ ಹೋಗೋಣ.

ಪ್ಯಾಚ್ ಅಂದ್ರೆ ನಿಜವಾಗ್ಲೂ ತೇಪೆಯೇ. ಪ್ರೋಗ್ರಾಂಗಳು ರಂಧ್ರ ಕೊರೆದ ಕಾಗದದ ಪಟ್ಟಿಗಳಲ್ಲಿದ್ದ ಕಾಲದಲ್ಲಿ, ತಪ್ಪಾದ ಜಾಗದ ಮೇಲೆ ಕಾಗದ ಅಂಟಿಸಿ ಸರಿಮಾಡ್ತಿದ್ರು. ಈಗಿನ ಅರ್ಥದ 'ಪ್ಯಾಚ್' ಪ್ರೋಗ್ರಾಂ ಬರೆದದ್ದು ಲ್ಯಾರಿ ವಾಲ್, 1985ರಲ್ಲಿ. ಮುಂದೆ ಪರ್ಲ್ ಭಾಷೆ ಮಾಡಿದ್ದೂ ಇವರೇ. ವಿಚಾರ ಸರಳ: ಪೂರ್ತಿ ಫೈಲ್ ಕಳಿಸಬೇಡ, ಬದಲಾದ ಸಾಲುಗಳನ್ನೂ ಅವುಗಳ ಅಕ್ಕಪಕ್ಕದ ಎರಡು ಮೂರು ಸಾಲುಗಳನ್ನೂ ಮಾತ್ರ ಕಳಿಸು. ಆ ಅಕ್ಕಪಕ್ಕದ ಸಾಲುಗಳನ್ನ ನೋಡಿ ಪ್ರೋಗ್ರಾಂ ಸರಿಯಾದ ಜಾಗ ಹುಡುಕಿಕೊಳ್ಳುತ್ತೆ. 2005ರ ಏಪ್ರಿಲ್‌ನಲ್ಲಿ ಟೊರ್ವಾಲ್ಡ್ಸ್ ಗಿಟ್ ಬರೆದರು. ಆದರೆ ಇವತ್ತಿಗೂ ಕರ್ನಲ್‌ಗೆ ಬದಲಾವಣೆಗಳು ಇಮೇಲ್‌ನಲ್ಲಿ ಪ್ಯಾಚ್ ರೂಪದಲ್ಲೇ ಓಡಾಡ್ತವೆ.

ತೊಂದರೆ ಇರೋದು ಎಲ್ಲಿ ಅಂದ್ರೆ, ಅಕ್ಕಪಕ್ಕದ ಸಾಲುಗಳು ಬದಲಾದ್ರೆ ತೇಪೆ ಕೂರಲ್ಲ. ಎರಡು ಮೂರು ತಿಂಗಳಿಗೊಂದು ಹೊಸ ಕರ್ನಲ್ ಬರುತ್ತೆ. ನಿಮ್ಮ ಪ್ಯಾಚನ್ನ ಟೊರ್ವಾಲ್ಡ್ಸ್ ಒಳಗೆ ತಗೊಂಡ್ರೆ ಅದನ್ನ ಮುಂದಿನ ಕರ್ನಲ್‌ಗೆ ಒಯ್ಯೋದು ಎಲ್ಲರ ಜವಾಬ್ದಾರಿ. ತಗೊಳ್ಳಲಿಲ್ಲ ಅಂದ್ರೆ ನಿಮ್ಮೊಬ್ಬರದೇ. ಪ್ರತೀ ಸಲ ಕೂತು ಹೊಸದಾಗಿ ಹೊಲೀಬೇಕು.

ಹಾಗೆ ಹತ್ತೊಂಬತ್ತು ವರ್ಷ, ನಡುವೆ ಎರಡು ವರ್ಷ ಬಿಟ್ಟು, ಹೊಲಿದವರು ಕಾನ್ ಕೊಲಿವಾಸ್. ನಾನು ಸೈಬರ್ ಕೆಫೆಯಲ್ಲಿ ಇಳಿಸಿದ ಪ್ಯಾಚ್ ಅವರದ್ದೇ. ಊರು ಮೆಲ್ಬರ್ನ್. ಕೆಲಸ? ಅರಿವಳಿಕೆ ಡಾಕ್ಟರ್. ಆಪರೇಷನ್‌ಗೆ ಮುಂಚೆ ರೋಗಿಯನ್ನ ಮಲಗಿಸಿ, ಮುಗಿಯೋವರೆಗೂ ಉಸಿರು, ನಾಡಿ ನೋಡ್ಕೊಳ್ಳೋರು. ಕಂಪ್ಯೂಟರ್ ಸೈನ್ಸ್ ಓದಿದವರಲ್ಲ. ಕರ್ನಲ್ ತಿದ್ದುತ್ತಾ ತಿದ್ದುತ್ತಾನೇ ಸಿ ಭಾಷೆ ಕಲಿತವರು.

2002ರ ಸುಮಾರಿಗೆ ಅವರು ಬೇರೆಯವರು ಬರೆದಿದ್ದ ಪ್ಯಾಚ್‌ಗಳನ್ನ ಒಟ್ಟುಮಾಡಿ, ತಮ್ಮ ಹೆಸರಿನ ಎರಡಕ್ಷರ ಸೇರಿಸಿ, ಗೀಟು-ಸಿಕೆ ಅಂತ ಬಿಡುಗಡೆ ಮಾಡೋಕೆ ಶುರುಮಾಡಿದರು. ಅವರಿಗಿದ್ದದ್ದು ನನಗಿದ್ದ ತಕರಾರೇ: ಹಾಡು ತೊದಲುತ್ತೆ, ಮೌಸ್ ನಿಲ್ಲುತ್ತೆ. ಅಷ್ಟೊತ್ತಿಗೆ ಲಿನಕ್ಸ್‌ಗೆ ದುಡ್ಡು ಹಾಕ್ತಿದ್ದದ್ದು ದೊಡ್ಡ ದೊಡ್ಡ ಸರ್ವರ್ ಕಂಪನಿಗಳು. ಒಂದು ಸೆಕೆಂಡಿಗೆ ಎಷ್ಟು ಕೆಲಸ ಮುಗೀತು ಅನ್ನೋದು ಅವರ ಲೆಕ್ಕ. ಮನೇಲಿ ಕೂತವನ ಮೌಸ್ ಅಂಟಿದ್ದನ್ನ ಅಳೆಯೋಕೆ ಸರಿಯಾದ ಅಳತೆಗೋಲೇ ಇರಲಿಲ್ಲ. ಕೊಲಿವಾಸ್ ಅದಕ್ಕೂ ಒಂದು ಪ್ರೋಗ್ರಾಂ ಬರೆದು, 'ಕಾಂಟೆಸ್ಟ್' ಅಂತ ಹೆಸರಿಟ್ಟರು. ಕಾನ್ ಮಾಡಿದ ಟೆಸ್ಟ್!

ಅವರ ಮುಖ್ಯ ಕೆಲಸ ಇದ್ದದ್ದು ಷೆಡ್ಯೂಲರ್‌ನಲ್ಲಿ. ಯಾವ ಪ್ರೋಗ್ರಾಂಗೆ ಯಾವಾಗ, ಎಷ್ಟು ಹೊತ್ತು ಪ್ರೊಸೆಸರ್ ಕೊಡಬೇಕು ಅಂತ ತೀರ್ಮಾನಿಸೋ ಭಾಗ ಅದು. ದರ್ಶಿನಿಯಲ್ಲಿ ಒಬ್ಬನೇ ದೋಸೆ ಭಟ್ಟ ಅಂದ್ಕೊಳ್ಳಿ. ಒಬ್ಬ ಐವತ್ತು ದೋಸೆ ಪಾರ್ಸೆಲ್ ಹೇಳಿದಾನೆ, ಇನ್ನೊಬ್ಬನಿಗೆ ಒಂದೇ ಮಸಾಲೆ, ಬಸ್ ಹಿಡೀಬೇಕು. ಆಗಿನ ಲಿನಕ್ಸ್ ಷೆಡ್ಯೂಲರ್, ಮುಖ ನೋಡಿ ಯಾರಿಗೆ ಅವಸರ ಅಂತ ಊಹಿಸ್ತಿತ್ತು. ಯಾವ ಪ್ರೋಗ್ರಾಂ ಹೆಚ್ಚು ಹೊತ್ತು ಸುಮ್ಮನೆ ಕಾಯ್ತಾ ಇರುತ್ತೋ, ಅದು ಮನುಷ್ಯ ಬಳಸೋ ಪ್ರೋಗ್ರಾಂ ಇರಬೇಕು ಅನ್ನೋ ಊಹೆ. ಊಹೆ ತಪ್ಪಿದ್ರೆ ಬಸ್ ಹೋಯ್ತು. ಊಹೆಗೆ ಇನ್ನೊಂದು ಊಹೆ ಸೇರಿಸ್ತಾ ಆ ಕೋಡ್ ಬಿಚ್ಚೋಕಾಗದ ಗಂಟಾಗಿತ್ತು. ಊಹೆಯೇ ಬೇಡ, ಎಲ್ಲರಿಗೂ ಸಮಪಾಲು ಸರದಿ ಕೊಡೋಣ, ಒಂದು ದೋಸೆಯವನು ತಾನಾಗಿಯೇ ಬೇಗ ಹೊರಡ್ತಾನೆ ಅಂತ ಕೊಲಿವಾಸ್ ವಾದ. 2007ರ ಮಾರ್ಚ್‌ನಲ್ಲಿ ಅದನ್ನ ಕೋಡ್ ಮಾಡಿ ತೋರಿಸಿದರು. ಮೊದಮೊದಲು ಟೊರ್ವಾಲ್ಡ್ಸ್‌ಗೂ ಮೆಚ್ಚುಗೆಯಾಗಿತ್ತು. ಕೊಲಿವಾಸ್‌ಗೆ ಆಗ ಕುತ್ತಿಗೆ ನೋವು ಜೋರಾಗಿತ್ತು, ಕಂಪ್ಯೂಟರ್ ಮುಂದೆ ಕೂರೋದೇ ಕಷ್ಟವಾಗಿತ್ತು. ಹಾಗೇ ಬರೆದರು.

ಏಪ್ರಿಲ್‌ನಲ್ಲಿ, ಅಲ್ಲಿಯವರೆಗೂ ಷೆಡ್ಯೂಲರ್ ನೋಡ್ಕೊಳ್ತಿದ್ದ ಇಂಗೋ ಮೊಲ್ನಾರ್ ತಮ್ಮದೇ ಹೊಸದನ್ನ ಕಳಿಸಿದರು. ಹೆಸರು ಸಿಎಫ್‌ಎಸ್. ನಡುವಿನ 'ಎಫ್' ಅಂದ್ರೆ ಫೇರ್, ಸಮಪಾಲು. 62 ಗಂಟೆಯಲ್ಲಿ ಬರೆದದ್ದು. ಸಮಪಾಲಿನ ದಾರಿ ಸಾಧ್ಯ ಅಂತ ತೋರಿಸಿದ್ದು ಕಾನ್ ಕೊಲಿವಾಸ್ ಅಂತ ಆ ಪ್ರಕಟಣೆಯಲ್ಲೇ ಮೊಲ್ನಾರ್ ಹೇಳಿದ್ದಾರೆ. ಅದನ್ನ ಮುಚ್ಚಿಡಲಿಲ್ಲ. ಆದರೆ ಒಳಗೆ ಹೋದದ್ದು ಮೊಲ್ನಾರ್ ಕೋಡ್. ಅಕ್ಟೋಬರ್‌ನಲ್ಲಿ ಬಂದ 2.6.23 ಕರ್ನಲ್‌ನಲ್ಲಿ ಅದಿತ್ತು. ಅದಕ್ಕೂ ಮುಂಚೆ, ಜುಲೈನಲ್ಲೇ, ಕೊಲಿವಾಸ್ ಕರ್ನಲ್ ಕೆಲಸ ಬಿಟ್ಟರು.

ಇದನ್ನ ಕಳ್ಳತನ ಅನ್ನೋರಿದ್ದಾರೆ. ನಾನು ಹಾಗೆ ಅನ್ನಲ್ಲ. ಟೊರ್ವಾಲ್ಡ್ಸ್ ಕೊಟ್ಟ ಕಾರಣ, ಕೋಡ್ ಚೆನ್ನಾಗಿದ್ರೆ ಸಾಲದು, ಜನ ತಪ್ಪು ತೋರಿಸಿದಾಗ ವಾದಕ್ಕಿಳಿಯದೆ ಸರಿಮಾಡೋ ಮನುಷ್ಯ ಬೇಕು ಅನ್ನೋದು. ಅದರಲ್ಲಿ ಹುರುಳಿದೆ. ಆದ್ರೂ, ಹಗಲು ಆಸ್ಪತ್ರೆ, ರಾತ್ರಿ ಕರ್ನಲ್ ಅಂತ ಐದು ವರ್ಷ ಒದ್ದಾಡಿದವನಿಗೆ, ನಿನ್ನ ವಿಚಾರ ಬೇಕು, ನಿನ್ನ ಕೋಡ್ ಬೇಡ ಅಂದ್ರೆ ಹೇಗನ್ನಿಸಬೇಡ? ನೀವೇ ಹೇಳಿ.

ಇಷ್ಟು ವರ್ಷ ಒಳಗೆ ಹೋಗದ ಪ್ಯಾಚನ್ನ ಜನ ಬಳಸ್ತಿದ್ದದ್ದಾದ್ರೂ ಹೇಗೆ? ಇಲ್ಲಿ ನಮ್ಮ ಸೀನಿಯರ್ ಹೇಳಿದ ಪ್ಯಾಕೇಜ್ ಬರುತ್ತೆ. ಕರ್ನಲ್ ಕಟ್ಟಿ ನೇರವಾಗಿ ಸುರಿದ್ರೆ, ಯಾವ ಫೈಲ್ ಎಲ್ಲಿಂದ ಬಂತು ಅಂತ ಸಿಸ್ಟಮ್‌ಗೆ ಗೊತ್ತಾಗಲ್ಲ. ತೆಗೆಯೋಕೂ ಬರಲ್ಲ. ಡೆಬಿಯನ್‌ನಲ್ಲಿ ಇದಕ್ಕೆ ಮನೋಜ್ ಶ್ರೀವಾಸ್ತವ ಬರೆದ 'ಮೇಕ್-ಕೆಪಿಕೆಜಿ' ಅನ್ನೋ ಸಾಧನ ಇತ್ತು. ನೀವು ಪ್ಯಾಚ್ ಹಾಕಿದ ಕರ್ನಲನ್ನ ಅದು ಒಂದು ಡೆಬ್ ಫೈಲ್ ಮಾಡಿಕೊಡ್ತಿತ್ತು, ಬೇರೆ ಸಾಫ್ಟ್‌ವೇರ್ ಬರೋ ಹಾಗೆಯೇ. ಹಾಕೋಕೆ ಒಂದು ಕಮಾಂಡ್, ಕೆಟ್ರೆ ಕಿತ್ತುಹಾಕೋಕೆ ಒಂದು ಕಮಾಂಡ್. ಹಳೇ ಕರ್ನಲ್ ಬೂಟ್ ಮೆನುವಿನಲ್ಲಿ ಹಾಗೇ ಕೂತಿರುತ್ತೆ. ಒಬ್ಬರು ಕಟ್ಟಿದ್ದನ್ನ ಸಾವಿರ ಜನಕ್ಕೆ ಹಂಚಬಹುದು. ಈಗ ಆ ಸಾಧನ ಹಳತಾಗಿದೆ. ಕರ್ನಲ್ ಸೋರ್ಸ್ ಒಳಗೇ 'ಮೇಕ್ ಡೆಬ್-ಪಿಕೆಜಿ' ಅನ್ನೋ ಸೌಲಭ್ಯ ಇದೆ, ಫೆಡೋರಾ ತರಹದವಕ್ಕೆ 'ಆರ್‌ಪಿಎಂ-ಪಿಕೆಜಿ'.

ಇದರಲ್ಲಿ ಜೀವಾಳ ಅಂದ್ರೆ ಹೆಸರು. 2.6.11 ಆದ ಮೇಲೆ ಗೀಟು-ಸಿಕೆ ಅಂತ ಸೇರಿಸಿದ್ರಲ್ಲ, ಅದು ಅಲಂಕಾರಕ್ಕಲ್ಲ. ಮಾಡ್ಯೂಲ್‌ಗಳು ಕರ್ನಲ್‌ನ ಪೂರ್ತಿ ಹೆಸರಿನ ಫೋಲ್ಡರ್ ಒಳಗೇ ಕೂರ್ತವೆ. ಹೆಸರು ಬೇರೆಯಾದ್ರೆ ಫೋಲ್ಡರ್ ಬೇರೆ, ಒಂದರ ಮೇಲೊಂದು ಬೀಳಲ್ಲ. ಅಷ್ಟೇ ಅಲ್ಲ, ಪ್ರತಿ ಮಾಡ್ಯೂಲ್ ಮೇಲೂ ನಾನು ಯಾವ ಕರ್ನಲ್‌ಗಾಗಿ ಹುಟ್ಟಿದ್ದು ಅನ್ನೋ ಮೊಹರು ಇರುತ್ತೆ. ಬೇರೆ ಕರ್ನಲ್‌ಗೆ ತಗುಲಿಸೋಕೆ ಹೋದ್ರೆ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' ಅಂತ ಒದ್ದು ಹೊರಗಟ್ಟುತ್ತೆ. ಒರಟು ಅನ್ಸುತ್ತೆ, ಆದ್ರೆ ಕಾರಣ ಇದೆ. ಕರ್ನಲ್ ಒಳಗೆ ಓಡೋ ಕೋಡ್‌ಗೆ ಯಾವ ತಡೆಯೂ ಇಲ್ಲ. ಹೊಂದದ ಮಾಡ್ಯೂಲ್ ಒಂದು ತಪ್ಪು ಜಾಗ ಮುಟ್ಟಿದ್ರೆ ಇಡೀ ಯಂತ್ರ ಮಲಗುತ್ತೆ.

ಎರಡು ವರ್ಷ ಕೊಲಿವಾಸ್ ಸುದ್ದಿಯೇ ಇರಲಿಲ್ಲ. 2009ರ ಆಗಸ್ಟ್ ಕೊನೆಯಲ್ಲಿ ತಟ್ಟನೆ ಬಂದರು, ಬಿಎಫ್‌ಎಸ್ ಅನ್ನೋ ಹೊಸ ಷೆಡ್ಯೂಲರ್ ಜೊತೆ. 'ಬಿಎಫ್' ಅಂದ್ರೇನು ಅಂತ ಇಲ್ಲಿ ಬಿಡಿಸಿ ಹೇಳಲ್ಲ, ಮನೇಲಿ ಅಪ್ಪ ಅಮ್ಮ ಕೇಳ್ತಿರಬಹುದು. ಇದು ಒಳಗೆ ಹೋಗೋಕಲ್ಲ, ಹೋಗೋದೂ ಬೇಡ ಅಂತ ಹೆಸರಿನಲ್ಲೇ ಹೇಳಿದ ಹಾಗಿತ್ತು. 4096 ಪ್ರೊಸೆಸರ್ ಇರೋ ಯಂತ್ರಕ್ಕೆ ಲಿನಕ್ಸ್ ಸಿದ್ಧ, ಆದ್ರೆ ಒಂದು ವೀಡಿಯೊ ನೆಟ್ಟಗೆ ಓಡಲ್ಲ ಅಂತ ಗೇಲಿ ಮಾಡಿದ ಒಂದು ಎಕ್ಸ್‌ಕೆಸಿಡಿ ಕಾರ್ಟೂನನ್ನ ಅವರೇ ತೋರಿಸ್ತಿದ್ರು. ಮೊಲ್ನಾರ್ 16 ಪ್ರೊಸೆಸರ್ ಕಾಣೋ ಯಂತ್ರದಲ್ಲಿ ಅಳೆದು, ಸಿಎಫ್‌ಎಸ್ಸೇ ಮುಂದಿದೆ ಅಂದರು. ಇದು ಅಂಥ ಯಂತ್ರಕ್ಕೆ ಬರೆದದ್ದೇ ಅಲ್ಲ ಅಂತ ಕೊಲಿವಾಸ್ ಉತ್ತರ. ಇಬ್ಬರ ಅಳತೆಗೋಲೇ ಬೇರೆ ಇತ್ತು.

ಆಗಷ್ಟೇ ಇನ್ನೊಂದು ಚಿಕ್ಕ ಯಂತ್ರ ಕೈಗೆ ಬಂದಿತ್ತು. 2008ರ ಅಕ್ಟೋಬರ್‌ನಲ್ಲಿ ಮೊದಲ ಆಂಡ್ರಾಯ್ಡ್ ಫೋನ್, ಎಚ್‌ಟಿಸಿ ಡ್ರೀಮ್. ಒಂದೇ ಕೋರ್, 528 ಮೆಗಾಹರ್ಟ್ಸ್, 192 ಎಂಬಿ ರ್‍ಯಾಮ್. ನನ್ನ ಹಾಸ್ಟೆಲ್ ಕಂಪ್ಯೂಟರಿಗಿಂತ ಬಡಪಾಯಿ. ಒಬ್ಬನೇ ಭಟ್ಟನ ಹೋಟೆಲ್ ಮತ್ತೆ ಬಂತು. ಸ್ಟೀವ್ ಕೊಂಡಿಕ್ ಶುರುಮಾಡಿದ ಸಯನೋಜೆನ್‌ಮಾಡ್‌ನಲ್ಲಿ ಡಾಕ್ಟರ ಬಿಎಫ್‌ಎಸ್ ಹಾಕಿದ ಕರ್ನಲ್ ಬಂತು. ಗೂಗಲ್ ಕೂಡ ಆಂಡ್ರಾಯ್ಡ್‌ನ ಒಂದು ಪ್ರಯೋಗದ ಕವಲಿನಲ್ಲಿ ಬಿಎಫ್‌ಎಸ್ ಹಾಕಿ ನೋಡಿತು. ಯಾವುದು ಯಾವುದು ಅಂತ ಹೇಳದೆ ಜನರ ಕೈಗೆ ಕೊಟ್ಟು ಪರೀಕ್ಷಿಸಿದಾಗ ವ್ಯತ್ಯಾಸ ಕಾಣಲಿಲ್ಲ ಅಂತ ಕೈಬಿಟ್ಟಿತು. ಡಾಕ್ಟರ ಅಭಿಮಾನಿಯಾದ ನನಗೆ ಇದು ಸ್ವಲ್ಪ ಚುಚ್ಚುತ್ತೆ. ಆದ್ರೂ ಹೇಳಲೇಬೇಕು.

ಆ ದಿನಗಳಲ್ಲಿ ಫೋನ್‌ಗೆ ಕಸ್ಟಮ್ ಕರ್ನಲ್ ಹಾಕಿ ವೈಫೈ ಕಳ್ಕೊಂಡವರು ಎಷ್ಟೋ ಜನ. ಯಾಕೆ ಅಂತ ಈಗ ನಿಮಗೇ ಗೊತ್ತು. ಕರ್ನಲ್ ಬದಲಾಯಿತು, ವೈಫೈ ಮಾಡ್ಯೂಲ್ ಹಳೆಯದೇ ಉಳೀತು, ಮೊಹರು ಹೊಂದಲಿಲ್ಲ.

ಇನ್ನೊಂದು ತಮಾಷೆ ಕೇಳಿ. ಗೂಗಲ್ಲೂ ಆಗ ಹೊರಗೆ ನಿಂತವರ ಸಾಲಲ್ಲೇ ಇತ್ತು. ಬ್ಯಾಟರಿ ಉಳಿಸೋಕೆ ಅವರು ತಂದ 'ವೇಕ್‌ಲಾಕ್' ಕರ್ನಲ್‌ನವರಿಗೆ ಹಿಡಿಸಲಿಲ್ಲ. ಒಳಗಿದ್ದ ಆಂಡ್ರಾಯ್ಡ್ ಡ್ರೈವರ್‌ಗಳನ್ನೂ ಯಾರೂ ನೋಡ್ಕೊಳ್ತಿಲ್ಲ ಅಂತ 2010ರ 2.6.33ರಲ್ಲಿ ಕಿತ್ತುಹಾಕಿದರು. ಮತ್ತೆ ಒಳಗೆ ಬರೋಕೆ 2012ರ ಮಾರ್ಚ್‌ವರೆಗೆ, 3.3 ಕರ್ನಲ್‌ವರೆಗೆ ಕಾಯಬೇಕಾಯ್ತು.

ನಿಮ್ಮ ಜೇಬಿಗೆ ಇದು ಹೇಗೆ ಸಂಬಂಧ ಅಂತೀರಾ? ಎರಡು ಮೂರು ವರ್ಷಕ್ಕೇ ಅಪ್‌ಡೇಟ್ ನಿಂತುಹೋದ ಫೋನ್ ನೀವೂ ಬಳಸಿರ್ತೀರಿ. ಟೊರ್ವಾಲ್ಡ್ಸ್ ಕರ್ನಲ್ ಮೇಲೆ ಗೂಗಲ್ ತೇಪೆ. ಅದರ ಮೇಲೆ ಚಿಪ್ ಕಂಪನಿಯದ್ದು. ಅದರ ಮೇಲೆ ಫೋನ್ ಕಂಪನಿಯದ್ದು. ಒಂದು ಫೋನಿನಲ್ಲಿ ಓಡೋ ಕರ್ನಲ್ ಕೋಡಿನ ಅರ್ಧದವರೆಗೂ ಹೀಗೆ ಹೊರಗಿನದ್ದು ಇರಬಹುದು ಅಂತ ಗೂಗಲ್ಲೇ ಬರೆದಿದೆ. ಹೊಸ ಕರ್ನಲ್ ಬಂದಾಗ ಅಷ್ಟೂ ತೇಪೆಯನ್ನ ಮತ್ತೆ ಹೊಲೀಬೇಕು. ಕೊಲಿವಾಸ್‌ರಂಥವರು ಹವ್ಯಾಸಕ್ಕೆ ಮಾಡಿಯಾರು. ಮಾರಿ ಮುಗಿದ ಫೋನ್‌ಗೆ ಯಾವ ಕಂಪನಿ ಮಾಡುತ್ತೆ? ಸೆಕ್ಯೂರಿಟಿ ಲೋಪ ಮಾತ್ರ ಫೋನಲ್ಲಿ ಹಾಗೇ ಉಳಿಯುತ್ತೆ, ನಿಮ್ಮ ಯುಪಿಐ ಆ್ಯಪ್ ಪಕ್ಕದಲ್ಲೇ.

ಇದಕ್ಕೆ ಗೂಗಲ್ ಹಿಡಿದ ದಾರಿ, ತೇಪೆಗಳನ್ನ ಕರ್ನಲ್‌ನಿಂದ ಬಿಚ್ಚಿ ಮಾಡ್ಯೂಲ್ ಮಾಡಿಸೋದು. ಜಿಕೆಐ ಅಂತ ಅದರ ಹೆಸರು. 5.10 ಕರ್ನಲ್ ಜೊತೆ ಆಂಡ್ರಾಯ್ಡ್ 12ರಲ್ಲಿ ಮಾರುಕಟ್ಟೆಗೆ ಬಂದ ಫೋನ್‌ಗಳಿಂದ ಇದು ಕಡ್ಡಾಯ. ಕರ್ನಲನ್ನ ಗೂಗಲ್ ಕಟ್ಟುತ್ತೆ, ಎಲ್ಲರಿಗೂ ಒಂದೇ. ಚಿಪ್‌ನವರು, ಫೋನ್‌ನವರು ತಮ್ಮದನ್ನ ಮಾಡ್ಯೂಲ್ ಆಗಿಯೇ ಕೊಡಬೇಕು. ಈಗ ನಿಮ್ಮ ಫೋನಿನ ಆ ಸಾಲನ್ನ ಮತ್ತೆ ನೋಡಿ. 5.10 ಲಿನಕ್ಸ್‌ದು. ಆಂಡ್ರಾಯ್ಡ್12, ಯಾವ ಆಂಡ್ರಾಯ್ಡ್‌ಗಾಗಿ ಕಟ್ಟಿದ ಕರ್ನಲ್ ಅನ್ನೋದು. ಆಮೇಲಿನ 9 ಇದೆಯಲ್ಲ, ಕರ್ನಲ್‌ಗೂ ಮಾಡ್ಯೂಲ್‌ಗೂ ನಡುವಿನ ಒಪ್ಪಂದ ಎಷ್ಟನೇ ಆವೃತ್ತಿ ಅಂತ ಅದು ಹೇಳುತ್ತೆ. ಆ ನಂಬರ್ ಬದಲಾಗದಿದ್ರೆ, ಹಳೇ ಮಾಡ್ಯೂಲ್ ಹಾಗೇ ಇಟ್ಟು ಕರ್ನಲ್ ಮಾತ್ರ ಹೊಸದು ಹಾಕಬಹುದು.

ಡಾಕ್ಟರ್ ಏನಾದರು? 2016ರಲ್ಲಿ ಬಿಎಫ್‌ಎಸ್‌ನ ಜಾಗಕ್ಕೆ ಮಕ್ಸ್ ಅನ್ನೋದನ್ನ ತಂದರು. 2021ರ 5.12 ಕರ್ನಲ್‌ಗೆ ಬಂದದ್ದೇ ಕೊನೆಯ ಗೀಟು-ಸಿಕೆ. ಅವರನ್ನ ಹಿಂದೆ ಹಾಕಿದ್ದ ಸಿಎಫ್‌ಎಸ್ ಕೂಡ 2023ರ ಅಕ್ಟೋಬರ್‌ನಲ್ಲಿ, 6.6 ಕರ್ನಲ್‌ನಲ್ಲಿ, ಇನ್ನೊಂದಕ್ಕೆ ಜಾಗ ಬಿಟ್ಟಿತು. 2004ರಲ್ಲೇ ಕೊಲಿವಾಸ್ ಇನ್ನೊಂದು ಪ್ಯಾಚ್ ಕಳಿಸಿದ್ದರು: ಷೆಡ್ಯೂಲರನ್ನೇ ಬದಲಾಯಿಸೋ ಹಾಗಿರಲಿ, ಬೇಕಾದವರು ಬೇಕಾದ್ದು ಹಾಕಿಕೊಳ್ಳಲಿ ಅಂತ. ಆಗ ಬೇಡವೇ ಬೇಡ ಅಂದಿದ್ದರು. 2024ರ ನವೆಂಬರ್‌ನಲ್ಲಿ ಬಂದ 6.12ರಲ್ಲಿ ಸ್ಕೆಡ್-ಎಕ್ಸ್ಟ್ ಅನ್ನೋದು ಸೇರಿತು. ಕರ್ನಲ್ ಮತ್ತೆ ಕಟ್ಟದೇನೇ, ಓಡ್ತಾ ಇರೋ ಯಂತ್ರದಲ್ಲೇ ನಿಮ್ಮ ಷೆಡ್ಯೂಲರ್ ತಗುಲಿಸಬಹುದು. ಷೆಡ್ಯೂಲರ್ ನೋಡ್ಕೊಳ್ಳೋರ ವಿರೋಧ ಇದ್ದಾಗ್ಯೂ ಅದನ್ನ ಒಳಗೆ ತಗೊಂಡದ್ದು ಸ್ವತಃ ಟೊರ್ವಾಲ್ಡ್ಸ್.

ಹಾಗಾಗಿ ಷೆಡ್ಯೂಲರ್‌ಗೋಸ್ಕರ ಕರ್ನಲ್ ಕಟ್ಟೋ ಅಗತ್ಯ ಈಗ ನನಗಿಲ್ಲ. ಆದ್ರೂ ಲ್ಯಾಪ್‌ಟಾಪ್‌ಗೆ ವರ್ಷಕ್ಕೊಂದೆರಡು ಸಲ ಕಟ್ಟುತ್ತೀನಿ, ಗೀಟು ಹಾಕಿ ಆ ರೂಮ್‌ಮೇಟ್ ಹೆಸರಿಡ್ತೀನಿ. ಅವನಿಗೆ ಗೊತ್ತಿಲ್ಲ. ಫೈಲ್‌ಸಿಸ್ಟಮ್ ಮುಂದೆ ಒತ್ತಿದ್ದು ವೈ ತಾನೇ ಅಂತ ಎರಡು ಸಲ ನೋಡ್ತೀನಿ. ಹಳೇ ಕರ್ನಲ್ ಅಳಿಸಲ್ಲ.